ಗೋಡೆಯೊಳಗೆ ಮುರಿದ ನಿಪ್ಪಲ್: ಎಕ್ಸ್‌ಟ್ರಾಕ್ಟರೋ, ಗರಗಸದ ಬ್ಲೇಡೋ?

ಕಾರವಾರದ ಹಳೆಯ ಮನೆಗಳಲ್ಲಿ ನಲ್ಲಿ ಬದಲಾಯಿಸಲು ಪಾನಾ ಹಾಕಿದರೆ, ಜಿಐ (ಸತು ಲೇಪಿತ ಕಬ್ಬಿಣದ) ನಿಪ್ಪಲ್‌ನ, ಅಂದರೆ ಎರಡೂ ತುದಿಗೆ ಥ್ರೆಡ್ (ತಿರುಪಿನ ಸುತ್ತು) ಇರುವ ಗಿಡ್ಡ ಪೈಪ್ ತುಂಡಿನ, ಅರ್ಧ ಮಾತ್ರ ನಲ್ಲಿಯೊಂದಿಗೆ ಹೊರಬಂದು, ಉಳಿದರ್ಧ ಗೋಡೆಯೊಳಗಿನ ಎಲ್ಬೋದಲ್ಲಿಯೇ (ಪೈಪ್‌ಲೈನು ತಿರುಗುವಲ್ಲಿನ ಮೊಣಕೈಯಾಕಾರದ ಜೋಡಣೆ) ಕಚ್ಚಿಕೊಂಡು ಕೂರುವುದು ಸಾಮಾನ್ಯ. ಅರ್ಧ ಇಂಚಿನ ಮಧ್ಯಮ ದರ್ಜೆಯ ಪೈಪಿನ ದಪ್ಪ ಸುಮಾರು 2.6 ಮಿ.ಮೀ. ಇದ್ದರೂ ಥ್ರೆಡ್ ಕೊರೆದಲ್ಲಿ ಒಂದು ಮಿ.ಮೀ.ಗೂ ಹೆಚ್ಚು ಸವೆದಿರುತ್ತದೆ. ಉಪ್ಪುಗಾಳಿಯ ಜೊತೆಗೆ ಹಿತ್ತಾಳೆ ನಲ್ಲಿಯ ಸಂಪರ್ಕವೂ ಸೇರಿದಾಗ ತುಕ್ಕು ಮೊದಲು ತಿನ್ನುವುದು ಅಲ್ಲಿಯೇ.

ಇಂಥ ತುಂಡು ತೆಗೆಯಲು ನಾನು ಎರಡು ಸಲಕರಣೆಗಳನ್ನು ಕಾರವಾರದ ನಮ್ಮ ಮನೆಯಲ್ಲಿಯೂ ಶಿರಸಿಯ ಸಂಬಂಧಿಕರ ಮನೆಯಲ್ಲಿಯೂ ಬಳಸಿದ್ದೇನೆ. ಎಡಸುತ್ತಿನ ಅಂಚುಗಳಿರುವ ಮೊನಚು ಎಕ್ಸ್‌ಟ್ರಾಕ್ಟರನ್ನು ತುಂಡಿನೊಳಗೆ ಬಡಿದು ಎಡಕ್ಕೆ ತಿರುಗಿಸಿದಷ್ಟೂ ಅದು ಬಿಗಿಯಾಗಿ ಕಚ್ಚುತ್ತದೆ. ಶಿರಸಿಯಲ್ಲಿ ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದರಿಂದ ತುಂಡು ಒಂದೇ ಸಮನೆ ತಿರುಗಿ ಹೊರಬಂತು. ಕಾರವಾರದಲ್ಲಿ ಅದೇ ಸಲಕರಣೆ ಕೆಲಸಕ್ಕೆ ಬರಲಿಲ್ಲ: ತುಕ್ಕು ತಿಂದ ಲೋಹ ಹಪ್ಪಳದಂತೆ ಪುಡಿಯಾಯಿತು, ಗಟ್ಟಿ ಉಳಿದಿದ್ದ ಭಾಗವನ್ನು ಮೊನಚು ತುದಿ ಹೊರಕ್ಕೊತ್ತಿ ಎಲ್ಬೋಗೆ ಇನ್ನಷ್ಟು ಬಿಗಿಯಿತು.

ಅಲ್ಲಿ ಗೆದ್ದದ್ದು ಹ್ಯಾಕ್ಸಾ (ಲೋಹ ಕೊಯ್ಯುವ ಗರಗಸ) ಬ್ಲೇಡಿನ ಮುರುಕು. ತುಂಡಿನ ಒಳಗೋಡೆಯಲ್ಲಿ ಉದ್ದಕ್ಕೆ ಗೀಟು ಕೊಯ್ಯುವುದು ಇದರ ಕೆಲಸ. ಸುಮಾರು 16 ಮಿ.ಮೀ. ಒಳವ್ಯಾಸದಲ್ಲಿ 12–13 ಮಿ.ಮೀ. ಅಗಲದ ಬ್ಲೇಡು ಹಿಡಿಸುತ್ತದೆ. ಹಿಂದೆಯೇ ಎಲ್ಬೋ ತಿರುವು ಇರುವುದರಿಂದ ಹಲ್ಲುಗಳ ಮೊನೆ ನಮ್ಮ ಕಡೆಗಿರುವಂತೆ ಹಿಡಿದು, ಎಳೆಯುವಾಗ ಮಾತ್ರ ಕೊಯ್ಯುವುದು ಅನುಕೂಲ. ಹಿಡಿಯುವ ತುದಿಗೆ ಬಟ್ಟೆ ಸುತ್ತದಿದ್ದರೆ ಅಂಗೈ ಕೊಯ್ದುಹೋಗುತ್ತದೆ. ಗೀಟಿನ ತಳದಲ್ಲಿ ಎಲ್ಬೋ ಥ್ರೆಡ್‌ನ ತುದಿಗಳು ಸಾಲಾಗಿ ಹೊಳೆಯತೊಡಗಿದೊಡನೆ ನಿಲ್ಲಿಸಬೇಕು. ಹತ್ತಿರದಲ್ಲಿಯೇ ಇನ್ನೊಂದು ಗೀಟು ಕೊಯ್ದು, ನಡುವಿನ ಪಟ್ಟಿಯನ್ನು ಸಣ್ಣ ಉಳಿಯಿಂದ ಒಳಕ್ಕೆ ಬಗ್ಗಿಸಿದರೆ ಬಿಗಿ ಸಡಿಲಿ, ಉಳಿದದ್ದು ಇಕ್ಕಳಕ್ಕೆ ಸಿಗುತ್ತದೆ. ಸಮಯ ಹಿಡಿಯುವ, ಕತ್ತು ನೋಯಿಸುವ ಕೆಲಸ ಇದು. ಆದರೂ ಕರಾವಳಿಯ ತುಕ್ಕಿಗೆ ನನ್ನ ಮತ ಇದಕ್ಕೇ.

ಕಚ್ಚಿಕೊಂಡ ಜೋಡಣೆ ಸಡಿಲಿಸಲು ಬ್ಲೋಲ್ಯಾಂಪಿನ ಬೆಂಕಿಯಿಂದ ಕಾಯಿಸುವುದನ್ನು ಹೊರಗಿನ ಬಾವಿ ಪಂಪಿನ ಲೈನಿಗೆ ಮಾತ್ರ ಉಪಯೋಗಿಸಿದ್ದೇನೆ, ಅದೂ ಎಣ್ಣೆ ಹಾಕದ ಜೋಡಣೆಗೆ. ಬಚ್ಚಲುಮನೆಯಲ್ಲಿ ಟೈಲ್ಸ್ ಬಿರಿಯುವ ಭಯದ ಜೊತೆಗೆ, ಅತಿಯಾಗಿ ಕಾದ ಸತುವಿನ ಹೊಗೆ ಜ್ವರ ತರಿಸಬಲ್ಲದು.

ತುಂಡು ಬಂದ ಮೇಲೆ ಎಲ್ಬೋದೊಳಗಿನ ತುಕ್ಕುಪುಡಿ ತೆಗೆದು, ಹೊಸ ನಿಪ್ಪಲನ್ನು ಬರಿಗೈಯಿಂದಲೇ ತಿರುಗಿಸಿ ನೋಡಬೇಕು. ಮೂರ್ನಾಲ್ಕು ಸುತ್ತು ಸಲೀಸಾಗಿ ಹೋಗಿ ಬಿಗಿಯಾದರೆ, ಬ್ಲೇಡಿನ ಸಣ್ಣ ಗೀರನ್ನು ಸೆಣಬಿನ ನಾರು ಮತ್ತು ಪೇಂಟು ಮುಚ್ಚುತ್ತವೆ. ಅಲುಗಾಡಿದರೆ ಮಾತ್ರ ಚಿರೇಕಲ್ಲಿನ ಗೋಡೆ ಒಡೆದು ಎಲ್ಬೋ ಬದಲಿಸದೆ ಗತ್ಯಂತರವಿಲ್ಲ.