ಮಾಳಿಗೆ ಮನೆಗೆ ಕೂಲರೋ ಎಸಿಯೋ?

ರಾಯಚೂರಿನ ಹಳೇ ಓಣಿಯಲ್ಲಿರೋ ನಮ್ಮ ಮಾಳಿಗೆ ಮನೆಯಲ್ಲಿ (ಜಂತಿ ಮೇಲೆ ಮಣ್ಣು ಹಾಸಿದ ಚಾವಣಿಯ ಹಳೇ ಮನೆ) ಕೂಲರ್, ವಿಂಡೋ ಎಸಿ, ಸ್ಪ್ಲಿಟ್ ಎಸಿ ಮೂರನ್ನೂ ಬಳಸಿ ನೋಡಿದ್ದಾಯಿತು. ಯಾವುದು ಒಳ್ಳೇದು ಅಂತ ಕೇಳಿದರೆ, ಯಾವ ತಿಂಗಳಿಗೆ ಅಂತ ನಾನೇ ತಿರುಗಿ ಕೇಳ್ತೀನಿ.

ಮೇ ತಿಂಗಳಿಗಾದರೆ ಕೂಲರೇ ಸೈ. ಹೊರಗೆ 42 ಡಿಗ್ರಿ ಒಣ ಬಿಸಿಲಿದ್ದಾಗ ಪ್ಯಾಡಿನ ನೀರು ಸರಸರನೆ ಆವಿಯಾಗಿ ಪಡಸಾಲೆಯೆಲ್ಲ ತಂಪು. ಕರೆಂಟು 200 ವ್ಯಾಟ್ ಆಸುಪಾಸು, ಎದುರಿನ ಕಿಟಕಿ ತೆರೆದಿಟ್ಟರೆ ಸಾಕು. ಜೂನ್‌ನಲ್ಲಿ ಮಿರಗದ (ಮೃಗಶಿರಾ) ಮಳೆ ಕೂಡಿತೋ, ಅದರ ಆಟ ಮುಗೀತು. ಗಾಳಿಯಲ್ಲೇ ತೇವ ತುಂಬಿರುವಾಗ ನೀರು ಆವಿಯಾಗೋದೆಲ್ಲಿಂದ? ಹಾಸಿಗೆ ಜಿಗಿಜಿಗಿ, ಕಪಾಟಿನ ಬಟ್ಟೆಗೆ ಮುಗ್ಗು ವಾಸನೆ.

ವಿಂಡೋ ಎಸಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು, ಅಗ್ಗ. ಆದರೆ ಹಳೇ ಕಿಟಕಿಯ ಸರಳು ಕತ್ತರಿಸಬೇಕು, 50 ಕಿಲೋ ತೂಗೋ ಡಬ್ಬಿಗೆ ಕೆಳಗೆ ಸ್ಟ್ಯಾಂಡ್ ಕೊಡಬೇಕು, ಸಂದಿಗೆ ಪ್ಲೈವುಡ್ ಹೊಡಿಬೇಕು. ಕೋಣೆಗಿದ್ದ ಒಂದೇ ಬೆಳಕೂ ಹೋಯಿತು. ಸದ್ದು ಬೇರೆ. ಮಾರಿಬಿಟ್ಟೆವು.

ಸ್ಪ್ಲಿಟ್ ಹಾಕಿಸೋದೇ ದೊಡ್ಡ ಕೆಲಸ. ಒಳಗಿನ ಡಬ್ಬಿಯಿಂದ ಹೊರಗಿನ ಡಬ್ಬಿಗೆ ಗೋಡೆ ತೂರಿ ಪೈಪ್ ಹೋಗಬೇಕು. ಗೋಡೆ ಎರಡಡಿಗೂ ದಪ್ಪ, ಒಳಗೆ ಕಲ್ಲು, ಮಣ್ಣು. ಡ್ರಿಲ್ ಅರ್ಧಕ್ಕೇ ನಿಂತಿತು. “ಪೈಪು ಸಾಲಂಗಿಲ್ರೀ ಅಣ್ಣಾರ, ಗ್ವಾಡಿನೇ ನುಂಗತೈತಿ” ಅಂದ ಫಿಟ್ಟರ್. ಜೊತೆಗೆ ಬಂದ 3 ಮೀಟರ್ ಸಾಲದೆ ತಾಮ್ರದ ಪೈಪ್ ಇನ್ನಷ್ಟು ಕೊಳ್ಳಬೇಕಾಯಿತು. ಕೊನೆಗೆ ಗೌಂಡಿ ಬಂದು ಉಳಿಯಿಂದ ತೂತು ಮಾಡಿ, ಮಣ್ಣು ಉದುರದ ಹಾಗೆ ಪಿವಿಸಿ ಪೈಪ್ ತೂರಿಸಿ ಸಿಮೆಂಟ್ ಮೆತ್ತಿದ. ತೂತು ಹೊರಗಡೆಗೆ ಇಳಿಜಾರಾಗೇ ಇರಬೇಕು, ಇಲ್ಲಾಂದ್ರೆ ಎಸಿಯಿಂದ ಬರೋ ನೀರು ಒಳಗಿನ ಗೋಡೆಗೇ ಇಳಿಯುತ್ತೆ. ಹಳೇ ಪಟ್ಟಿ ವೈರಿಂಗ್ ನಂಬದೆ ಮೀಟರ್‌ನಿಂದಲೇ ಬೇರೆ 4 ಚದರ ಎಂಎಂ ವೈರ್, ಹೊಸ ಅರ್ಥಿಂಗ್. ಶಕ್ತಿನಗರದಲ್ಲಿ ಅಷ್ಟು ದೊಡ್ಡ ಕರೆಂಟ್ ಕಾರ್ಖಾನೆ ಇದ್ದರೂ ನಮ್ಮನೇಲಿ ಸ್ಟೆಬಿಲೈಸರ್ ತಪ್ಪಲಿಲ್ಲ!

ಇಷ್ಟೆಲ್ಲ ಆದ ಮೇಲೆ ಆಗಸ್ಟ್ ರಾತ್ರಿಗಳು ಬದಲಾದವು ಅನ್ನೋದಂತೂ ನಿಜ. ಗಾಳಿಯ ತೇವ ತೆಗೆಯೋ ಡ್ರೈ ಮೋಡ್‌ಗೆ ಹಾಕಿದರೆ ತಂಪಿಗಿಂತ ಮೊದಲು ಜಿಗುಟು ಹೋಗುತ್ತೆ, 26ಕ್ಕಿಟ್ಟರೂ ನಿದ್ದೆ ಬರುತ್ತೆ. ಆದರೆ ಮಾಳಿಗೆಯ ಗವಾಕ್ಷಿಗೆ ಗಾಜು ಕೂಡಿಸಿ ಸಂದಿ ಮುಚ್ಚಬೇಕು. ತೆರೆದಿದ್ದರೆ ಓಣಿಯ ತೇವವೆಲ್ಲ ಒಳಗಿಳಿದು, ಮಿಷನ್ ಬಿಡುವಿಲ್ಲದೆ ದುಡಿದು ಬಿಲ್ಲು ಏರುತ್ತೆ. ಜಂತಿ ಸಂದಿಯಿಂದ ಉದುರೋ ಮಣ್ಣಿಗೆ ಫಿಲ್ಟರ್ ಕೆಂಪಾಗುತ್ತೆ, ಹದಿನೈದು ದಿನಕ್ಕೊಮ್ಮೆ ತೊಳೆಯಲೇಬೇಕು.

ಈಗ ಸ್ಪ್ಲಿಟ್ ಮಲಗೋ ಕೋಣೆಗೆ ಮಾತ್ರ. ಪಡಸಾಲೆಯಲ್ಲಿ ಕೂಲರ್ ಇನ್ನೂ ಇದೆ, ಮಳೆ ಬಿದ್ದ ಕೂಡಲೇ ಪ್ಯಾಡ್ ಒಣಗಿಸಿ ಅಟ್ಟಕ್ಕೆ ಏರಿಸ್ತೀವಿ.