ಜೋನಿ ಬೆಲ್ಲದ ನಾಲಿಗೆಗೆ ಯಾವ ಮೇಪಲ್ ಸಿರಪ್?

ನಾನು ಶಿರಸಿ ಕಡೆಯವಳು. ನಮ್ಮಲ್ಲಿ ಬೆಳಿಗ್ಗೆ ತೆಳ್ಳೇವು (ತೆಳ್ಳಗಿನ ದೋಸೆ) ಎರೆದರೆ ಪಕ್ಕದಲ್ಲಿ ಜೋನಿ ಬೆಲ್ಲ, ಅಂದರೆ ಪಾಕದ ಹಾಗಿರುವ ನೀರು ಬೆಲ್ಲ, ಅದರ ಮೇಲೆ ತುಪ್ಪ. ಚಟ್ನಿಯ ಮಾತು ಆಮೇಲೆ. ಕೆನಡಾಕ್ಕೆ ಬಂದು ಒಂಬತ್ತು ವರ್ಷ ಆಯಿತು, ಮನೆ ಇರುವುದು ಒಂಟಾರಿಯೊದ ವಾಟರ್‌ಲೂದಲ್ಲಿ. ಊರಿನಿಂದ ತಂದ ಜೋನಿ ಬೆಲ್ಲವನ್ನು ಮೊದಮೊದಲು ಔಷಧಿಯ ಹಾಗೆ ಚಮಚದ ಲೆಕ್ಕದಲ್ಲಿ ತಿಂದೆ. ಅದು ಮುಗಿದ ದಿನ ಅಂಗಡಿಗೆ ಹೋಗಿ, ಮೇಪಲ್ ಮರದ ರಸ ಕುದಿಸಿ ಮಾಡುವ ಇಲ್ಲಿನ ಮೇಪಲ್ ಸಿರಪ್ ಅಂದುಕೊಂಡು ಕೈಗೆ ಸಿಕ್ಕದ್ದನ್ನು ತಂದೆ. ಬಾಟಲಿ ಮೇಲೆ ಪ್ಯಾನ್‌ಕೇಕ್ ಚಿತ್ರ ಇತ್ತು. ಕಂದು ಬಣ್ಣ, ಜೋನಿ ಬೆಲ್ಲದ ಹಾಗೇ ದಪ್ಪಗೆ ಇಳಿಯಿತು. ಬಾಯಿಗಿಟ್ಟರೆ ಬರೀ ಸಿಹಿ, ಮತ್ತೇನೂ ಇಲ್ಲ. ಇದಕ್ಕಾ ಇಷ್ಟು ಹೆಸರು ಅಂತ ಬೇಜಾರಾಯಿತು.

ತಪ್ಪು ನನ್ನದೇ. ಹಿಂದೆ ತಿರುಗಿಸಿ ಓದಿದ್ದರೆ ಗೊತ್ತಾಗುತ್ತಿತ್ತು. ಅದರಲ್ಲಿ ಮೇಪಲ್ ಒಂದು ಹನಿಯೂ ಇರಲಿಲ್ಲ. ಮೆಕ್ಕೆಜೋಳದ ಸಿರಪ್, ಬಣ್ಣ, ಸುವಾಸನೆ, ದಪ್ಪ ಬರಲಿ ಅಂತ ಒಂದು ಅಂಟು. ನಿಜವಾದ ಮೇಪಲ್ ಸಿರಪ್ ಅಷ್ಟು ದಪ್ಪ ಇರುವುದೇ ಇಲ್ಲ. ಹೋದ ವರ್ಷ ಆಯಿ (ನನ್ನ ಅಮ್ಮ) ಬಂದಿದ್ದಾಗ ಒಳ್ಳೆಯದನ್ನೇ ತಟ್ಟೆಗೆ ಹಾಕಿದೆ. ಅವಳು ಬೆರಳಲ್ಲಿ ಅದ್ದಿ ನೋಡಿ, "ಎಂತದೇ ಇದು, ಜೋನಿ ಬೆಲ್ಲಕ್ಕೆ ನೀರು ಹಾಕಿದಾಂಗೆ ಇದ್ದು" ಅಂದಳು. ದಪ್ಪ ನೋಡಿ ಅಳೆಯುವ ನಮ್ಮ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಅದಾದ ಮೇಲೆ ಆಯಿಗೆ ಸರಿಯಾಗಿ ತೋರಿಸಿಯೇ ಬಿಡೋಣ ಅಂತ ಎಲ್ಮೈರಾ ಹತ್ತಿರದ ಒಂದು ತೋಟಕ್ಕೆ ಕರೆದುಕೊಂಡು ಹೋದೆ. ನಮ್ಮ ಮನೆಯಿಂದ ಅರ್ಧ ಗಂಟೆ. ಎಲ್ಮೈರಾ ಅಂದರೆ 1965ರಿಂದ ಮೇಪಲ್ ಸಿರಪ್ ಜಾತ್ರೆ ನಡೆಯುವ ಊರು. ಸುತ್ತಮುತ್ತ ಮೆನೊನೈಟ್ ಅನ್ನುವ ಕ್ರೈಸ್ತ ಪಂಗಡದ ಜನ ಜಾಸ್ತಿ, ಅವರಲ್ಲಿ ಹಳೆಯ ಪದ್ಧತಿಯವರು ಕುದುರೆಗಾಡಿಯಲ್ಲಿ ಓಡಾಡುತ್ತಾರೆ. ಮಾರ್ಚ್ ತಿಂಗಳು, ಮರದ ಬುಡದಲ್ಲಿ ಇನ್ನೂ ಹಿಮ. ಕಾಡಿನ ನಡುವೆ ಹಲಗೆಯ ಒಂದು ಮನೆ, ಸೂರಿನ ಸಂದಿಯಿಂದ ದಪ್ಪಗೆ ಬಿಳಿ ಹಬೆ. ಒಳಗೆ ಕಾಲಿಟ್ಟ ಕೂಡಲೇ ಆಯಿ ಮೂಗು ಎಳೆದು "ಆಲೆಮನೆ" ಅಂದಳು.

ನಿಜಕ್ಕೂ ಆಲೆಮನೆಯೇ. ಕೊಪ್ಪರಿಗೆಯ ಬದಲು ಉದ್ದನೆಯ ಸ್ಟೀಲ್ ತಟ್ಟೆ, ಕೆಳಗೆ ಸೌದೆ ಉರಿ. ಆದರೆ ಲೆಕ್ಕ ಬೇರೆ. ಕಬ್ಬಿನ ಹಾಲಿನಲ್ಲಿ ನೂರಕ್ಕೆ 15ರಿಂದ 20 ಪಾಲು ಸಕ್ಕರೆ ಇರುತ್ತದೆ. ಮೇಪಲ್ ಮರದ ರಸದಲ್ಲಿ ಇರುವುದು 2 ಪಾಲು ಮಾತ್ರ. ಕುಡಿದರೆ ನೀರಿನ ಹಾಗೇ, ಕೊನೆಯಲ್ಲಿ ಎಲ್ಲೋ ಒಂದು ಸಿಹಿ. ಸುಮಾರು 40 ಲೀಟರ್ ಕುದಿಸಿದರೆ 1 ಲೀಟರ್ ಸಿರಪ್. ಬೆಲೆ ಯಾಕೆ ಅಷ್ಟು ಅಂತ ಆಮೇಲೆ ನಾನು ಯಾರನ್ನೂ ಕೇಳಿಲ್ಲ. ನೀರು ಕುದಿಯುವುದಕ್ಕಿಂತ 4 ಡಿಗ್ರಿ ಮೇಲೆ ಹೋದರೆ ಹದ ಬಂತು ಅಂತ ಲೆಕ್ಕ. ಆ ತೋಟದ ಅಜ್ಜ ಥರ್ಮಾಮೀಟರ್ ಇದ್ದರೂ ಸೌಟು ಅದ್ದಿ ಎತ್ತುತ್ತಿದ್ದರು. ಹನಿಹನಿಯಾಗಿ ಬಿದ್ದರೆ ಇನ್ನೂ ಬೇಕು. ಸೌಟಿನ ಅಂಚಿನಿಂದ ಹಾಳೆಯ ಹಾಗೆ ಇಳಿದರೆ ತೆಗೆಯಬಹುದು. ನೊರೆ ಉಕ್ಕಿದಾಗ ಒಂದೆರಡು ಹನಿ ಎಣ್ಣೆ. ಹಿಂದಿನ ಕಾಲದಲ್ಲಿ ಇದಕ್ಕೆ ಹಂದಿ ಕೊಬ್ಬಿನ ತುಂಡು ಕಟ್ಟಿ ತೂಗುಬಿಡುತ್ತಿದ್ದರಂತೆ. ಸಸ್ಯಾಹಾರಿಗಳಾದರೆ ಒಂದು ಮಾತು ಕೇಳಿಬಿಡಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನನಗೆ ಮರೆಯಲಾಗದ್ದು ಆ ಮನೆಯ ಕಿಟಕಿ. ಒಂದೊಂದು ಸಲ ಸಿರಪ್ ತೆಗೆದಾಗಲೂ ಒಂದು ಪುಟ್ಟ ಬಾಟಲಿಗೆ ತುಂಬಿ, ತಾರೀಖು ಬರೆದು ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದರು. ಎಡಗಡೆಯದು ತಿಳಿ ಜೇನಿನ ಬಣ್ಣ. ಬಲಕ್ಕೆ ಹೋದಂತೆ ಕೆಂಪಾಗುತ್ತಾ, ಕೊನೆಯದು ಫಿಲ್ಟರ್ ಕಾಫಿಯ ಡಿಕಾಕ್ಷನ್. ಅದೇ ಮರ, ಅದೇ ಒಲೆ. ಬೇರೆ ಇರುವುದು ದಿನ ಮಾತ್ರ. ಬಿಸಿಲು ಏರಿದಂತೆ ರಸದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಿ, ಸಕ್ಕರೆಯನ್ನು ಒಡೆಯುತ್ತವೆ. ಒಡೆದ ಸಕ್ಕರೆ ಒಲೆಯ ಮೇಲೆ ಬೇಗ ಕಂದಾಗುತ್ತದೆ. ರುಚಿಯೂ ಗಟ್ಟಿಯಾಗುತ್ತದೆ.

ಬಾಟಲಿ ಮೇಲಿನ ದರ್ಜೆ ಹೇಳುವುದು ಇಷ್ಟನ್ನೇ. ಸಿರಪ್ ಮೂಲಕ ಬೆಳಕು ನೂರಕ್ಕೆ 75 ಪಾಲು ಅಥವಾ ಹೆಚ್ಚು ದಾಟಿದರೆ ಗೋಲ್ಡನ್. 50ಕ್ಕೆ ಇಳಿಯುವವರೆಗೆ ಅಂಬರ್, 25ರವರೆಗೆ ಡಾರ್ಕ್, ಅದಕ್ಕೂ ಕೆಳಗೆ ವೆರಿ ಡಾರ್ಕ್. ಸಿಹಿ ಎಲ್ಲದರಲ್ಲೂ ಸರಿಸುಮಾರು ಒಂದೇ. ಮೊದಲು ಕೆನಡಾದಲ್ಲಿ ನಂಬರ್ 1, 2, 3 ಅಂತ ಇತ್ತು. ನಂಬರ್ 1 ಅಂದರೆ ಒಳ್ಳೆಯದು, 3 ಅಂದರೆ ಕಳಪೆ ಅಂತ ಜನ ಅಂದುಕೊಳ್ಳುತ್ತಿದ್ದರು. 2014ರಲ್ಲಿ ನಿಯಮ ಬದಲಾಗಿ, ಈಗ ಅಂಗಡಿಯಲ್ಲಿ ಸಿಗುವ ನಾಲ್ಕೂ ಎ ದರ್ಜೆಯೇ. ಒಳ್ಳೆಯ ಕೆಲಸ. ಆದರೂ ನಮ್ಮ ಆಫೀಸಿನಲ್ಲಿ ಗೋಲ್ಡನ್ ಅಂದರೆ ಚಿನ್ನ, ಅಂದರೆ ಶ್ರೇಷ್ಠ ಅಂತ ಅದನ್ನೇ ಊರಿಗೆ ಒಯ್ಯುವವರು ಇದ್ದಾರೆ.

ಈ ಸಲ ನಾಲ್ಕನ್ನೂ ತಂದು ಮೇಜಿನ ಮೇಲಿಟ್ಟೆ. ಗೋಲ್ಡನ್ ಮತ್ತು ಡಾರ್ಕ್ ಅದೇ ಎಲ್ಮೈರಾ ತೋಟದ್ದು, ಐದು ವಾರದ ಅಂತರ. ಅಂಬರ್, ಸೂಪರ್ ಮಾರ್ಕೆಟಿನ 540 ಮಿಲಿಲೀಟರಿನ ಡಬ್ಬಿ, ಪಕ್ಕದ ಕ್ವಿಬೆಕ್ ಪ್ರಾಂತ್ಯದ್ದು. ವೆರಿ ಡಾರ್ಕ್, ಮಾಂಟ್ರಿಯಲ್‌ಗೆ ಹೋದಾಗ ಸಂತೆಯಲ್ಲಿ ಕೊಂಡದ್ದು. ಮೊದಲು ಸ್ಟೀಲ್ ಚಮಚದಲ್ಲಿ ಹಾಗೇ, ಆಮೇಲೆ ತೆಳ್ಳೇವಿಗೆ ತುಪ್ಪದ ಜೊತೆ.

ಗೋಲ್ಡನ್ ಬರೀ ಬಾಯಲ್ಲಿ ಬಹಳ ಚೆನ್ನಾಗಿದೆ. ವೆನಿಲ್ಲಾದ ಹಾಗೆ ಒಂದು ಪರಿಮಳ, ಗಂಟಲಲ್ಲಿ ಏನೂ ಉಳಿಯುವುದಿಲ್ಲ. ಮೊಸರಿಗೆ ಹಾಕಿ ತಿಂದರೆ ಸೊಗಸು. ತೆಳ್ಳೇವಿಗೆ ಹಾಕಿದರೆ ಮಾತ್ರ ತುಪ್ಪದ ಘಮಕ್ಕೆ ಅದು ಪತ್ತೆಯೇ ಇಲ್ಲ. ಪಾಯಸಕ್ಕೂ ಹಾಕಿ ನೋಡಿದೆ, ಏಲಕ್ಕಿ ಮುಂದೆ ಸೋತಿತು. ಅರ್ಧ ಲೀಟರಿಗೆ 16 ಡಾಲರ್ ಕೊಟ್ಟು ಸಕ್ಕರೆ ಪಾಯಸ ಮಾಡಿದ ಹಾಗಾಯಿತು.

ಅಂಬರ್ ಡಬ್ಬಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಯಾವಾಗ ತಂದರೂ ಅದೇ ರುಚಿ. ಲೋಕದ ಮೇಪಲ್ ಸಿರಪ್‌ನಲ್ಲಿ ನೂರಕ್ಕೆ 70 ಪಾಲು ಕ್ವಿಬೆಕ್‌ನದೇ. ಅಲ್ಲಿ ಹತ್ತಾರು ತೋಟಗಳ ಪೀಪಾಯಿಗಳನ್ನು ಬೆರೆಸಿ ತುಂಬುವುದರಿಂದ ಏರುಪೇರು ಕಾಣುವುದಿಲ್ಲ. ಹೋಟೆಲ್ ಸಾಂಬಾರಿನ ಹಾಗೆ, ದೂರಲಿಕ್ಕೂ ಇಲ್ಲ, ನೆನೆಯಲಿಕ್ಕೂ ಇಲ್ಲ. ಮಕ್ಕಳಿಗೆ ಇದೇ ಸಾಕು. ಅಂದಹಾಗೆ ಆ ಕ್ವಿಬೆಕ್‌ನವರು ಸಿರಪ್ಪಿಗೆ ಒಂದು ದಾಸ್ತಾನು ಇಟ್ಟಿದ್ದಾರೆ, ಬೆಳೆ ಕೈಕೊಟ್ಟ ವರ್ಷಕ್ಕೆ ಅಂತ. 2011-12ರಲ್ಲಿ ಅಲ್ಲಿಂದ ಸುಮಾರು 3,000 ಟನ್ ಕಳವಾಯಿತು. ಕಳ್ಳರು ಕೆಲವು ಪೀಪಾಯಿಗೆ ನೀರು ತುಂಬಿಟ್ಟು ಹೋಗಿದ್ದರು. ಹಾಲಿನವರ ವಿದ್ಯೆ ಎಲ್ಲ ಕಡೆ ಒಂದೇ.

ಇನ್ನು ಡಾರ್ಕ್. ಇದನ್ನು ಚಮಚದಲ್ಲಿ ತೆಗೆದುಕೊಂಡಾಗ ಮೊದಲು ಬರುವುದು ಸಿಹಿ ಅಲ್ಲ, ಒಂದು ಹುರಿದ ಘಮ. ಕಾಫಿ ಬೀಜ ಹುರಿಯುವ ಮನೆಯ ಮುಂದೆ ಹಾದ ಹಾಗೆ. ಹಿಂದೆಯೇ ಸಿಹಿ, ಕೊನೆಯಲ್ಲಿ ನಾಲಿಗೆಯ ಅಂಚಿಗೆ ಸ್ವಲ್ಪ ಒಗರು, ಮರದ ತೊಗಟೆಯ ನೆನಪು. ಬಿಸಿ ತೆಳ್ಳೇವಿನ ಮೇಲೆ ಹಾಕಿ ಮಡಚಿದರೆ ತೂತುಗಳಲ್ಲಿ ಇಳಿದು ಅಡಿಯಲ್ಲಿ ನಿಲ್ಲುತ್ತದೆ. ತುಪ್ಪದ ಜೊತೆ ಜಗಳ ಇಲ್ಲ, ಎರಡೂ ಬೇರೆಬೇರೆಯಾಗಿ ಗೊತ್ತಾಗುತ್ತವೆ. ಜೋನಿ ಬೆಲ್ಲದ ಆ ಸಣ್ಣ ಉಪ್ಪಿನಂಶ ಇದರಲ್ಲಿ ಇಲ್ಲ. ಅದಕ್ಕೆ ನಾನು ಮಾಡುವ ಉಪಾಯ, ತೆಳ್ಳೇವಿನ ಹಿಟ್ಟಿಗೇ ಚಿಟಿಕೆ ಉಪ್ಪು ಜಾಸ್ತಿ. ಹಾಗಲಕಾಯಿ ಗೊಜ್ಜಿಗೂ ಬೆಲ್ಲದ ಬದಲು ಹಾಕಿದೆ. ನಮ್ಮ ಮನೆಯವರಿಗೆ ಗೊತ್ತೇ ಆಗಲಿಲ್ಲ. ಆಯಿ ಹೋದ ವರ್ಷ ಇದನ್ನು ತಿಂದು ಎರಡನೇ ಸಲ ಹಾಕಿಸಿಕೊಂಡು "ಇದು ಅಡ್ಡಿಲ್ಲೆ" ಅಂದಿದ್ದಳು. ಆಯಿಯ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ವೆರಿ ಡಾರ್ಕ್ ಒಂದು ಹೆಜ್ಜೆ ಜಾಸ್ತಿಯಾಯಿತು. ಪಾಕ ಕರಟಿಸುವ ಗಡಿಯಲ್ಲಿ ಇಳಿಸಿದ ಹಾಗೆ. ಅಡುಗೆಗೆ, ಕೇಕಿಗೆ ಸರಿ. ಹಸಿಯಾಗಿ ಎರಡು ಚಮಚಕ್ಕಿಂತ ಹೆಚ್ಚು ಆಗುವುದಿಲ್ಲ.

ಒಂದು ಪೆಟ್ಟು ತಿಂದದ್ದನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ಒಂದು ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ 2 ಲೀಟರ್ ಕ್ಯಾನ್ ತಂದೆ. ಮಾರಿದವರ ಹೆಸರು ಬೇಡ. ಬಣ್ಣ ಚೆನ್ನಾಗಿಯೇ ಇತ್ತು. ಬಾಯಿಗಿಟ್ಟರೆ ಸೋವಿ ಚಾಕಲೇಟು, ಹಿಂದೆಯೇ ಬೆಂದ ಎಲೆಕೋಸಿನ ನೀರಿನ ವಾಸನೆ. ಇಲ್ಲಿನವರು ಇದಕ್ಕೆ ಬಡ್ಡಿ ಅನ್ನುತ್ತಾರೆ. ನಮ್ಮ ಸಾಲದ ಬಡ್ಡಿ ಅಲ್ಲ, ಬಡ್ ಅಂದರೆ ಮೊಗ್ಗು. ಮರದಲ್ಲಿ ಮೊಗ್ಗು ಉಬ್ಬಿದ ಮೇಲೆ ರಸದ ಗುಣವೇ ಬದಲಾಗುತ್ತದೆ. ಆಮೇಲೂ ಆಸೆಗೆ ಇಳಿಸಿದರೆ ಹೀಗೇ. ಬಣ್ಣದ ದರ್ಜೆಯಲ್ಲಿ ಇದು ಕಾಣುವುದಿಲ್ಲ. ಡಾರ್ಕ್ ಕೊಳ್ಳುವವರು ರುಚಿ ನೋಡದೆ ದೊಡ್ಡ ಕ್ಯಾನ್ ತರಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನೊಂದು ಸಲದ್ದು ಪೂರ್ತಿ ನನ್ನ ದಡ್ಡತನ. ಜೋನಿ ಬೆಲ್ಲ ಊರಲ್ಲಿ ಭರಣಿಯಲ್ಲಿ ವರ್ಷಗಟ್ಟಲೆ ಹೊರಗೇ ಇರುತ್ತದೆ ಅಲ್ವಾ, ಅದೇ ರೂಢಿಯಲ್ಲಿ ಮುಚ್ಚಳ ತೆರೆದ ಬಾಟಲಿಯನ್ನು ಒಲೆ ಪಕ್ಕ ಇಟ್ಟೆ. ಮೂರು ವಾರಕ್ಕೆ ಮೇಲೆ ಬೂದು ಬೂಷ್ಟು. ತೆರೆದ ಮೇಲೆ ಫ್ರಿಜ್‌ನಲ್ಲೇ ಇಡಬೇಕು. ಫ್ರೀಜರ್‌ನಲ್ಲಿ ಇಟ್ಟರೂ ಗಟ್ಟಿಯಾಗುವುದಿಲ್ಲ, ನಾನೀಗ ದೊಡ್ಡ ಕ್ಯಾನ್ ಅಲ್ಲೇ ಇಡುತ್ತೇನೆ.

ಬೆಂಗಳೂರಿನ ತಂಗಿ ಕೇಳಿದಳು, ಅಲ್ಲಿ ಸಿಗುವುದು ಅಸಲಿಯಾ ಅಂತ. ಹಿಂದೆ ಓದು ಅಂದೆ. ಪದಾರ್ಥದ ಜಾಗದಲ್ಲಿ ಮೇಪಲ್ ಸಿರಪ್ ಅಂತ ಒಂದೇ ಇದ್ದರೆ ಕೊಳ್ಳಬಹುದು. ಮೇಪಲ್ ಫ್ಲೇವರ್ ಅಂತ ಇದ್ದರೆ ಅಲ್ಲೇ ಬಿಡು. ಆ ವಾಸನೆ ಬೇಕಿದ್ದರೆ ಮನೆಯಲ್ಲೇ ಮೆಂತ್ಯ ಹುರಿದರಾಯಿತು! ತಮಾಷೆಯಲ್ಲ, ಎರಡರಲ್ಲೂ ಇರುವ ಪರಿಮಳದ ಅಂಶ ಒಂದೇ, ಸೊಟೊಲಾನ್ ಅಂತ ಹೆಸರು. 2005ರಿಂದ ನ್ಯೂಯಾರ್ಕ್ ನಗರದಲ್ಲಿ ಆಗಾಗ ಮೇಪಲ್ ಸಿರಪ್ ಘಮ ಬರುತ್ತಿತ್ತು. ಎಲ್ಲಿಂದ ಅಂತ ಯಾರಿಗೂ ತಿಳಿಯಲಿಲ್ಲ. 2009ರಲ್ಲಿ ಪತ್ತೆಯಾಯಿತು, ನದಿಯಾಚೆ ನ್ಯೂಜೆರ್ಸಿಯಲ್ಲಿ ಮೆಂತ್ಯ ಸಂಸ್ಕರಿಸುವ ಕಾರ್ಖಾನೆ. ಮೆಂತೆಹಿಟ್ಟು ಮಾಡುವ ಮನೆಯವರನ್ನು ಕೇಳಿದ್ದರೆ ಒಂದೇ ದಿನದಲ್ಲಿ ಹೇಳುತ್ತಿದ್ದರೇನೋ.

ವಾಟರ್‌ಲೂ ಸುತ್ತ ಇರುವವರಿಗೆ ಒಂದು ಮಾತು. ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲ ವಾರ ತೋಟಕ್ಕೇ ಹೋಗಿ, ಕಿಟಕಿಯ ಸಾಲು ತೋರಿಸಿ ಅಂತ ಕೇಳಿ. ಚಮಚ ಕೊಡುತ್ತಾರೆ. ನಾನು ಹೋಗುವ ಕಡೆ 4 ಲೀಟರ್ ಡಾರ್ಕ್ ತಂದರೆ ಅಂಗಡಿಯ ಬಾಟಲಿಗಿಂತ ಎಷ್ಟೋ ಅಗ್ಗ ಬೀಳುತ್ತದೆ. ಕಾರ್ಡ್ ನಡೆಯುವುದಿಲ್ಲ, ನೋಟು ಒಯ್ಯಿರಿ. ಭಾನುವಾರ ಹೋಗಬೇಡಿ. ಗೇಟಿನ ಬೋರ್ಡಿನಲ್ಲೇ ಬರೆದಿರುತ್ತಾರೆ, ಆ ದಿನ ವ್ಯಾಪಾರ ಇಲ್ಲ ಅಂತ. ನಾನು ಅದನ್ನು ಓದಿಕೊಂಡು ಬರಿಗೈಯಲ್ಲಿ ಎರಡು ಸಲ ವಾಪಸ್ ಬಂದಿದ್ದೇನೆ.