ಯೋಸೆಮಿಟಿಗೆ ಹೋಗೋರು ಮ್ಯಾರಿಪೋಸಾ ಕೋರ್ಟ್‌ಹೌಸ್ ತಪ್ಪಿಸಬೇಡಿ

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಿಂದ ಯೋಸೆಮಿಟಿ ನ್ಯಾಷನಲ್ ಪಾರ್ಕಿಗೆ ಹೊರಟ ನಮ್ಮವರು ಮರ್ಸೆಡ್ ದಾಟಿ ಹೈವೇ 140 ಹಿಡಿದರೆ, ಮ್ಯಾರಿಪೋಸಾ ಊರಲ್ಲಿ ಪೆಟ್ರೋಲ್ ಹಾಕಿಸಿ, ಕಾಫಿ ಕುಡಿದು ಸೀದಾ ಮುಂದೆ ಹೋಗಿಬಿಡುತ್ತಾರೆ. ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಅಲ್ಲೇ ಬುಲಿಯನ್ ಸ್ಟ್ರೀಟಿನಲ್ಲಿ ಬಿಳಿ ಬಣ್ಣದ, ಎರಡು ಅಂತಸ್ತಿನ ಮರದ ಕಟ್ಟಡ ಇದೆ. ಅದೇ ಮ್ಯಾರಿಪೋಸಾ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಕೋರ್ಟ್. ಕಟ್ಟಿದ್ದು 1854ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಅಂದಿನಿಂದ ಇಂದಿನವರೆಗೆ ಕೋರ್ಟ್ ಆಗಿಯೇ ನಡೆದುಕೊಂಡು ಬಂದಿರುವ ಕಟ್ಟಡಗಳಲ್ಲಿ ಇದಕ್ಕಿಂತ ಹಳೆಯದು ಇಲ್ಲ.

ಮ್ಯೂಸಿಯಂ ಮಾಡಿ ಬೀಗ ಹಾಕಿಲ್ಲ ಅನ್ನೋದೇ ನನಗೆ ತುಂಬಾ ಇಷ್ಟ ಆಗಿದ್ದು. ಮೇಲಿನ ಕೋರ್ಟ್ ಹಾಲಿನಲ್ಲಿ ಹಳೇ ಬೆಂಚುಗಳು, ಸೌದೆ ಒಲೆ ಎಲ್ಲಾ ಹಾಗೇ ಇವೆ. ಹತ್ತಿರ ಹೋಗಿ ಮರ ನೋಡಿ. ಕೈಯಲ್ಲಿ ಉಜ್ಜುಗೊರಡು ಎಳೆದ ಗುರುತು ಇನ್ನೂ ಕಾಣುತ್ತದೆ. ತೊಲೆಗಳನ್ನು ತೂತು ಕೊರೆದು ಒಂದರೊಳಗೆ ಒಂದು ಕೂರಿಸಿ ಮರದ ಗೂಟ ಹೊಡೆದಿದ್ದಾರೆ. ಮೇಲಿನ ಗೋಪುರದ ಗಡಿಯಾರ ಬಂದಿದ್ದು 1866ರಲ್ಲಿ, ಅದೂ ಇಂಗ್ಲೆಂಡಿನಿಂದ ಹಡಗಿನಲ್ಲಿ!

ಚಿನ್ನ ಹುಡುಕಿ ಜನ ಇಲ್ಲಿಗೆ ಮುಗಿಬಿದ್ದ ಕಾಲದಲ್ಲಿ ಗಣಿ ಯಾರದ್ದು ಅಂತ ದೊಡ್ಡ ದೊಡ್ಡ ಕೇಸು ನಡೆದಿದ್ದು ಇಲ್ಲೇ. ಅನ್ವೇಷಕ ಜಾನ್ ಫ್ರೀಮಾಂಟ್ ಕೊಂಡಿದ್ದ ಸುಮಾರು 44,000 ಎಕರೆಯ ಗಡಿ ಎಲ್ಲಿಂದ ಎಲ್ಲಿಗೆ ಅನ್ನೋದೇ ಖಚಿತ ಇರಲಿಲ್ಲ. ಚಿನ್ನ ಸಿಕ್ಕ ಮೇಲೆ ಜಗಳ ಆಗದೆ ಇರುತ್ತಾ?

1850ರಲ್ಲಿ ಮ್ಯಾರಿಪೋಸಾ ರಾಜ್ಯದ ಅತಿ ದೊಡ್ಡ ಕೌಂಟಿ. ಆಮೇಲೆ ಟುಲಾರಿ, ಮರ್ಸೆಡ್, ಫ್ರೆಸ್ನೊ ಎಲ್ಲಾ ಇದರಿಂದಲೇ ಒಡೆದು ಹೋದವು. ಈಗ ಉಳಿದಿರೋದು 17,000 ಚಿಲ್ಲರೆ ಜನ, ನಮ್ಮ ಕಡೆಯ ಒಂದು ಹೋಬಳಿಯಷ್ಟೂ ಇಲ್ಲ. ಇಡೀ ಕೌಂಟಿಯಲ್ಲಿ ಪುರಸಭೆ ಅನ್ನುವಂಥದ್ದು ಒಂದೂ ಇಲ್ಲ. ಹಾಗಾಗಿ ರಸ್ತೆ, ಶೆರಿಫ್ (ಪೊಲೀಸ್), ಕಟ್ಟಡದ ಪರ್ಮಿಟ್ ಎಲ್ಲಕ್ಕೂ ಜನ ಕೌಂಟಿ ಕಡೆಗೇ ನೋಡಬೇಕು. ಕೌಂಟಿ ಆಡಳಿತ ನಡೆಸೋಕೆ ಚುನಾವಣೆಯಲ್ಲಿ ಗೆದ್ದು ಬಂದ ಐದು ಜನ ಸೂಪರ್‌ವೈಸರ್‌ಗಳಿದ್ದಾರೆ.

ಅಂದಹಾಗೆ ಯೋಸೆಮಿಟಿ ಕಣಿವೆ, ಹಾಫ್ ಡೋಮ್ ಬಂಡೆ ಎಲ್ಲಾ ಇದೇ ಕೌಂಟಿಯಲ್ಲೇ ಇವೆ. ಆದರೂ ಪಾರ್ಕಿನೊಳಗೆ ಜೋರಾಗಿ ಕಾರು ಓಡಿಸಿ ದಂಡದ ಟಿಕೆಟ್ ಬಿದ್ದರೆ ಕೇಸು ಈ ಕೋರ್ಟಿಗೆ ಬರೋಲ್ಲ, ಅದಕ್ಕೆ ಪಾರ್ಕಿನ ಒಳಗೇ ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟ್ ಇದೆ.

ಊರಿನ ಸುತ್ತ ಓಕ್ ಮರ, ಹುಲ್ಲುಗುಡ್ಡ. ಮಾರ್ಚಿನಲ್ಲಿ ಹಸಿರು, ಜುಲೈ ಹೊತ್ತಿಗೆ ಪೂರ್ತಿ ಒಣಗಿರುತ್ತದೆ. 2017ರ ಡೆಟ್‌ವೈಲರ್ ಕಾಳ್ಗಿಚ್ಚಿನಲ್ಲಿ ಊರನ್ನೇ ಖಾಲಿ ಮಾಡಿಸಿದ್ದರು. ಅಂಥ ಜಾಗದಲ್ಲಿ ಒಂದು ಮರದ ಕಟ್ಟಡ ಇನ್ನೂ ನಿಂತಿದೆ ಅಂದರೆ ನನಗಂತೂ ಕೈ ಮುಗಿಯಬೇಕು ಅನ್ನಿಸುತ್ತದೆ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಒಳಗೆ ನೋಡಬೇಕಾದರೆ ವಾರದ ದಿನ ಹೋಗಿ, ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ವಿಚಾರಣೆ ನಡೀತಾ ಇದ್ದರೆ ಸುಮ್ನೆ ಹಿಂದಿನ ಬೆಂಚಲ್ಲಿ ಕೂತುಕೊಳ್ಳಿ, ಫೋಟೋ ತೆಗೆಯೋಕೆ ಹೋಗಬೇಡಿ. ಬೇಸಿಗೆಯಲ್ಲಾದರೆ ಹೊರಡುವ ಮುಂಚೆ 140 ತೆರೆದಿದೆಯಾ ಅಂತಲೂ ನೋಡಿಕೊಳ್ಳಿ.